ಸತ್ಯಾಂಶ: ಆಸ್ಟ್ರೇಲಿಯಾದ ಮೂಲನಿವಾಸಿಗಳು ಸುಮ್ನೆ ಅಲೆಯುತ್ತಿದ್ದರಾ?

‘ಬಿಳಿಯರು ಬರುವ ಮುಂಚೆ ಆಸ್ಟ್ರೇಲಿಯಾದ ಮೂಲನಿವಾಸಿಗಳು ಸುಮ್ನೆ ಕಾಡಲ್ಲಿ ಅಲೆಯುತ್ತಿದ್ದರು, ಭೂಮಿ ನೋಡಿಕೊಳ್ಳೋದೇ ಗೊತ್ತಿರಲಿಲ್ಲ’ ಅಂತ ಒಂದು ಫಾರ್ವರ್ಡ್ ಓಡಾಡುತ್ತಿದೆ. ಇದು ತಪ್ಪು.

ಜೋಸೆಫ್ ಲೈಸೆಟ್‌ನ ಚಿತ್ರಗಳನ್ನು ನೋಡಿ. ಖೋಟಾ ನೋಟಿನ ಕೇಸಿನಲ್ಲಿ ಸಿಕ್ಕಿಬಿದ್ದು, ಇಂಗ್ಲೆಂಡಿನಿಂದ ಗಡೀಪಾರಾಗಿ 1814ರಲ್ಲಿ ಸಿಡ್ನಿಗೆ ಬಂದವನು ಇವನು. ಅಲ್ಲೂ ಅದೇ ಚಾಳಿ! ಹಾಗಾಗಿ ಆಸ್ಟ್ರೇಲಿಯಾದಲ್ಲೇ ಇರುವ ನ್ಯೂಕ್ಯಾಸಲ್‌ಗೆ ಕಳಿಸಿದರು. ಅವನ ಜಲವರ್ಣ ಚಿತ್ರಗಳಲ್ಲಿ ಜನ ರಾತ್ರಿ ದೋಣಿಯಲ್ಲಿ ಪಂಜು ಹಿಡಿದು ಮೀನು ಹಿಡಿಯುತ್ತಾರೆ, ಹುಲ್ಲಿಗೆ ಬೆಂಕಿ ಹಚ್ಚಿ ಕಾಂಗರೂಗಳನ್ನು ಹೊರಗೆ ಓಡಿಸಿ ಈಟಿ ಎಸೆಯುತ್ತಾರೆ. ಆ ಬೆಂಕಿ ಹುಚ್ಚಾಟ ಅಲ್ಲ. ಸುಟ್ಟ ಜಾಗದಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಮೇಯಲು ಕಾಂಗರೂ ತಾನಾಗೇ ಬರುತ್ತದೆ. ಬುದ್ಧಿವಂತಿಕೆ ಅಲ್ವಾ?

ಹಾಗಂತ ಲೈಸೆಟ್ ಬರೆದದ್ದೆಲ್ಲ ಫೋಟೋ ಇದ್ದಂತೆ ಅಲ್ಲ, ಅದು ಹೊರಗಿನವನ ಕಣ್ಣು.