ಸ್ಮಿತ್‌ಫೀಲ್ಡ್ ಮಾರ್ಕೆಟ್ ಪೂರ್ತಿ 1868ರದ್ದಲ್ಲ

ಲಂಡನ್‌ನ ಸ್ಮಿತ್‌ಫೀಲ್ಡ್ ಮಾಂಸದ ಮಾರ್ಕೆಟ್ ಫೋಟೋ ಹಾಕಿ, "ಇಡೀ ಮಾರ್ಕೆಟ್ 1868ರದ್ದು, ಒಂದು ಇಟ್ಟಿಗೆಯೂ ಬದಲಾಗಿಲ್ಲ" ಅಂತ ಹಂಚುತ್ತಿದ್ದಾರೆ. ತಪ್ಪು ಅದು. ವಾಸ್ತುಶಿಲ್ಪಿ ಹೊರೇಸ್ ಜೋನ್ಸ್ ವಿನ್ಯಾಸದಲ್ಲಿ 1868ಕ್ಕೆ ಮುಗಿದದ್ದು ಪೂರ್ವ, ಪಶ್ಚಿಮದ ಎರಡು ಕಟ್ಟಡ ಮಾತ್ರ. ಅದೇ ಮಾರ್ಕೆಟ್‌ನ ಇನ್ನೊಂದು ಕಟ್ಟಡವಾದ ಜನರಲ್ ಮಾರ್ಕೆಟ್ ಮುಗಿದದ್ದು 1883ರಲ್ಲಿ, ಅದರ ಒಂದು ಮೂಲೆಗೆ 1945ರ ಮಾರ್ಚ್‌ನಲ್ಲಿ ಜರ್ಮನಿಯ ವಿ-2 ರಾಕೆಟ್ ಬಿದ್ದು ನೂರಕ್ಕೂ ಜಾಸ್ತಿ ಜನ ಸತ್ತರು.

ಹಳೇ ಕೋಳಿ ಮಾರ್ಕೆಟ್ಟಂತೂ ಈಗ ಇಲ್ಲವೇ ಇಲ್ಲ. 1958ರ ಜನವರಿಯಲ್ಲಿ ನೆಲಮಾಳಿಗೆಯಲ್ಲಿ ಹೊತ್ತಿಕೊಂಡ ಬೆಂಕಿ ಕಟ್ಟಡವನ್ನೇ ನುಂಗಿತು, ಬೆಂಕಿ ಆರಿಸಲು ಒಳಗೆ ಇಳಿದ ಇಬ್ಬರು ಸಿಬ್ಬಂದಿ ಹೊರಗೆ ಬರಲಿಲ್ಲ. ಇಷ್ಟೆಲ್ಲಾ ಆದಮೇಲೂ ಏನೂ ಬದಲಾಗಿಲ್ಲ ಅನ್ನೋದು ಸರಿಯಲ್ಲ ಅಲ್ವಾ? ಆ ಕೋಳಿ ಮಾರ್ಕೆಟ್ ಜಾಗದಲ್ಲಿ ಈಗಿರುವ ತಾಮ್ರ ಹೊದಿಸಿದ ದೊಡ್ಡ ಕಾಂಕ್ರೀಟ್ ಗುಮ್ಮಟ 1960ರ ದಶಕದ್ದು. ಹಂಚಿದವರು ದಯವಿಟ್ಟು ತಿದ್ದಿ ಹಾಕಿ.