ಬೋರ್ಡು ಓದುವ ಚಟ

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಸಾಕು, ಈಗಲೂ ಅಂಗಡಿ ಬೋರ್ಡುಗಳನ್ನು ಒಂದೂ ಬಿಡದೆ ಓದುತ್ತೇನೆ. ಒತ್ತಕ್ಷರ ಕಲಿತ ವರ್ಷ ಹತ್ತಿದ ಚಟ. ‘ಮಿಲಿಟರಿ ಹೋಟೆಲ್’, ‘ಸೈಕಲ್ ಬಾಡಿಗೆಗೆ ಸಿಗುತ್ತದೆ’ ಅಂತ ಗಟ್ಟಿಯಾಗಿ ಓದುತ್ತಿದ್ದೆ, ಅಮ್ಮ ತೊಡೆ ಚಿವುಟುವವರೆಗೆ.

ಇಂಥ ಚಟದವರಿಗೆ ಫ್ರೆಡ್ ಹರ್ಜಾಗ್ ತೆಗೆದ ಫೋಟೋಗಳು ಹಬ್ಬದೂಟ. 1930ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1953ರಲ್ಲಿ ಕೆನಡಾದ ವ್ಯಾಂಕೂವರ್‌ಗೆ ಬಂದು ನೆಲೆಸಿದವರು. ಹೊಟ್ಟೆಪಾಡಿಗೆ ವೈದ್ಯಕೀಯ ಫೋಟೋ ತೆಗೆಯುವ ಕೆಲಸ. ಬಿಡುವು ಸಿಕ್ಕಿತೋ, ಕ್ಯಾಮೆರಾ ಹಿಡಿದು ಬೀದಿಗೆ. ಕ್ಷೌರದಂಗಡಿ, ದಿನಸಿ ಅಂಗಡಿ, ಹಳೇ ಸಾಮಾನಿನ ಅಂಗಡಿ, ಎಲ್ಲದರ ನೆತ್ತಿಯ ಮೇಲೂ ಅಕ್ಷರ. 1959ರ ಗ್ರಾನ್‌ವಿಲ್ ಬೀದಿಯಲ್ಲಂತೂ ಬಣ್ಣದ ದೀಪದ ಕೊಳವೆಗಳಲ್ಲಿ ಬರೆದ ನಿಯಾನ್ ಬೋರ್ಡುಗಳು ಸಂತೆಯಲ್ಲಿ ಕೂಗುವವರ ಹಾಗೆ ಒಂದರ ಮೇಲೊಂದು ಬೀಳುತ್ತವೆ. ಕೆಳಗೆ ಜನ ತಮ್ಮ ಪಾಡಿಗೆ ನಡೆದಿದ್ದಾರೆ. ದಿನಾ ಕಾಣುವ ಬೋರ್ಡನ್ನು ಯಾರು ಓದುತ್ತಾರೆ ಹೇಳಿ?

ಆಗೆಲ್ಲ ಕಲೆ ಅಂದರೆ ಕಪ್ಪು-ಬಿಳುಪು. ಕಲರ್ ಏನಿದ್ದರೂ ಜಾಹೀರಾತಿಗೆ, ಪ್ರವಾಸದ ಫೋಟೋಗೆ. ಹರ್ಜಾಗ್ ಹಟ ಹಿಡಿದು ಕ್ಯಾಮೆರಾಕ್ಕೆ ಕೋಡಾಕ್ರೋಮ್ ಅನ್ನುವ ಕಲರ್ ಸ್ಲೈಡ್ ಫಿಲ್ಮನ್ನೇ, ಅಂದರೆ ಬೆಳಕು ಹಾಯಿಸಿ ಪರದೆ ಮೇಲೆ ನೋಡುವ ಫಿಲ್ಮನ್ನೇ ತುಂಬಿದರು. ಒಳ್ಳೆಯದೇ ಆಯಿತು ಅನ್ನಿ. ಕತ್ತಲಲ್ಲಿಟ್ಟರೆ ಆ ಫಿಲ್ಮಿನ ಬಣ್ಣ ಸುಲಭಕ್ಕೆ ಮಾಸುವುದಿಲ್ಲ. ಆದರೆ ಅದೇ ಬಣ್ಣವನ್ನು ಕಾಗದಕ್ಕೆ ಇಳಿಸುವುದೇ ಕಷ್ಟ. ಹೀಗಾಗಿ ಸ್ಲೈಡುಗಳು ದಶಕಗಟ್ಟಲೆ ಡಬ್ಬಿಯಲ್ಲೇ ಕಾದವು. ಡಿಜಿಟಲ್ ಪ್ರಿಂಟು ಬಂದ ಮೇಲೆ, 2007ರಲ್ಲಿ ವ್ಯಾಂಕೂವರ್ ಆರ್ಟ್ ಗ್ಯಾಲರಿಯಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ಹರ್ಜಾಗ್‌ಗೆ ಆಗ ಎಪ್ಪತ್ತು ದಾಟಿತ್ತು. ಅಷ್ಟರೊಳಗೆ ಊರಿನ ನಿಯಾನ್ ಹೆಚ್ಚುಕಮ್ಮಿ ಖಾಲಿ. ಕಣ್ಣಿಗೆ ಗಲೀಜು ಅಂತ 1970ರ ದಶಕದಲ್ಲೇ ನಗರದವರು ಅದಕ್ಕೆ ಕಡಿವಾಣ ಹಾಕಿದ್ದರು.

ನಮ್ಮ ಬೀದಿಯ ಹಿಟ್ಟಿನ ಗಿರಣಿಗೆ ಮೊನ್ನೆ ಫ್ಲೆಕ್ಸ್ ಬಂತು. ಪೇಂಟರ್ ಕೈಯಲ್ಲಿ ಬರೆದಿದ್ದ ಹಳೇ ತಗಡು ಎಲ್ಲಿಗೆ ಹೋಯಿತೋ. ಅದರಲ್ಲಿ ಒತ್ತು ಬಿಟ್ಟು ‘ಹಿಟಿನ’ ಅಂತಿತ್ತು ಅಂತ ನಾನು. ಸರಿಯಾಗೇ ಇತ್ತು, ನಿನಗೇ ಆಗ ಓದಲು ಬರುತ್ತಿರಲಿಲ್ಲ ಅಂತ ಅಣ್ಣ. ಜಗಳ ಬಗೆಹರಿಯಲಿ ಅಂತ ಆಲ್ಬಮ್ ತಿರುವಿದೆವು. ಮದುವೆ, ನಾಮಕರಣ, ಮತ್ತೆ ಮದುವೆ, ಜೋಗ ಜಲಪಾತ. ಗಿರಣಿಯ ಫೋಟೋ ಯಾಕಾದರೂ ತೆಗೆದಾರು? ಒಂದರಲ್ಲಿ ಮಾತ್ರ ಅಣ್ಣ ಹೊಸ ಸೈಕಲ್ ಹಿಡಿದು ನಿಂತಿದ್ದಾನೆ. ಅವನ ತಲೆಯ ಹಿಂದೆ ಎರಡೇ ಅಕ್ಷರ ಕಾಣುತ್ತವೆ: ‘ರಣಿ’.