ಕಿಡ್ನಿ ವಿಷಯ ನನ್ನನ್ನು ಯಾಕೆ ಕೇಳ್ತೀರಿ ಸ್ವಾಮಿ?

ಅಕ್ಟೋಬರ್ ಬಂದರೆ ಕ್ಯಾಲಿಫೋರ್ನಿಯಾದ ನಮ್ಮ ಮನೆಗೆ ಅಂಚೆಯಲ್ಲಿ ಎರಡು ಬರುತ್ತವೆ. ಒಂದು, ದೀಪಾವಳಿಗೆಂದು ಅಮ್ಮ ಕಟ್ಟಿ ಕಳಿಸಿದ ಚಕ್ಕುಲಿ. ಇನ್ನೊಂದು ಮತಪತ್ರ. ಚಕ್ಕುಲಿ ಒಂದು ಸಂಜೆಗೆ ಮುಗಿಯುತ್ತದೆ. ಮತಪತ್ರಕ್ಕೆ ಒಂದಿಡೀ ಭಾನುವಾರ ಬೇಕು.

ಗವರ್ನರಿಗೆ ಓಟು ಹಾಕುವುದು ಸುಲಭ. ವರ್ಷವೆಲ್ಲ ಟಿವಿ ಮುಂದೆ ಬೈದು ಅಭ್ಯಾಸ ಆಗಿರುತ್ತದೆ. ಕಷ್ಟ ಇರುವುದು ಕೆಳಗೆ. ಕೌಂಟಿಯ, ಅಂದರೆ ಇಲ್ಲಿಯ ಜಿಲ್ಲೆಯ, ಜಡ್ಜ್ ಯಾರಾಗಬೇಕು? ಸ್ಕೂಲ್ ಬೋರ್ಡಿಗೆ ಯಾರು? ನೀರಿನ ಬೋರ್ಡಿಗೆ ಯಾರು? ಇಲ್ಲಿ ಪಕ್ಷದ ಹೆಸರು ಹಾಕುವಂತಿಲ್ಲ. ಅಭ್ಯರ್ಥಿಯ ಹೆಸರಿನ ಕೆಳಗೆ ಕಸುಬು ಇರುತ್ತದೆ, ಅದೂ ಹೆಚ್ಚೆಂದರೆ ಮೂರು ಪದ. 'ಎಂಜಿನಿಯರ್, ಪೋಷಕ.' ಅಷ್ಟೇ. ನಮ್ಮೂರ ವಧು-ವರರ ಜಾಹೀರಾತಿನಲ್ಲಿ ನಕ್ಷತ್ರವನ್ನಾದರೂ ಹೇಳಿರುತ್ತಾರೆ.

ಗೊತ್ತಿಲ್ಲದವರು ಪಟ್ಟಿಯ ಮೇಲಿನ ಹೆಸರಿಗೇ ಗುರುತು ಹಾಕುತ್ತಾರೆ ಎಂಬುದು ಸರ್ಕಾರಕ್ಕೂ ಗೊತ್ತು. ಅದಕ್ಕೇ ಪ್ರತಿ ಚುನಾವಣೆಗೂ ಇಂಗ್ಲಿಷಿನ 26 ಅಕ್ಷರಗಳನ್ನು ಒಂದೊಂದಾಗಿ ಚೀಟಿ ಎತ್ತಿ, ಹೆಸರುಗಳನ್ನು ಜೋಡಿಸಲು ಹೊಸ ವರ್ಣಮಾಲೆ ಮಾಡುತ್ತಾರೆ. ನನ್ನ ಮಗಳು ಒಂದನೇ ಕ್ಲಾಸಿನಲ್ಲಿ ಇದನ್ನೇ ಮಾಡಿದ್ದಕ್ಕೆ ಟೀಚರ್ ನಮ್ಮನ್ನು ಕರೆಸಿದ್ದರು.

ಆಮೇಲೆ ಪ್ರಸ್ತಾಪಗಳು, ಅಂದರೆ ಒಂದು ಕಾನೂನು ಬೇಕೇ ಬೇಡವೇ ಎಂದು ನೇರವಾಗಿ ಮತದಾರರನ್ನೇ ಕೇಳುವ 'ಹೌದು-ಇಲ್ಲ' ಪ್ರಶ್ನೆಗಳು. ಕಾನೂನು ಮಾಡಲೆಂದು ಶಾಸಕರಿಗೆ ಸಂಬಳ ಕೊಡುತ್ತೇವೆ. ಕಷ್ಟದ ಪ್ರಶ್ನೆ ಬಂದಾಗ ಅದು ಹೇಗೋ ನನ್ನ ಅಡುಗೆಮನೆಯ ಮೇಜಿಗೇ ಬಂದು ಬೀಳುತ್ತದೆ. 2016ರಲ್ಲಿ ರಾಜ್ಯದ ಪ್ರಸ್ತಾಪಗಳೇ 17. ಅವನ್ನು ವಿವರಿಸಲು ಕಳಿಸಿದ ಪುಸ್ತಕ 224 ಪುಟ. ಅದರಲ್ಲಿ ಪ್ಲಾಸ್ಟಿಕ್ ಚೀಲದ ಪ್ರಶ್ನೆಯೂ ಇತ್ತು. ಚೀಲ ನಿಷೇಧಿಸುವ ಕಾನೂನು ಆಗಲೇ ಪಾಸಾಗಿತ್ತು. ಚೀಲ ಮಾಡುವ ಕಂಪನಿಗಳು ಸಹಿ ಸಂಗ್ರಹಿಸಿ ಅದನ್ನು ತಡೆದು, ಜನರ ಮುಂದೆ ತಂದವು. ಹಾಗಾಗಿ ಚೀಲ ಬೇಡ ಎನ್ನುವವರು 'ಹೌದು' ಅನ್ನಬೇಕು. ಬೇಕು ಎನ್ನುವವರು 'ಇಲ್ಲ' ಅನ್ನಬೇಕು. ಮೂರು ಸಲ ಓದಿದೆ. ಹೆಂಡತಿಯ ಕೈಲಿ ಓದಿಸಿದೆ. ಅವಳು ಬಟ್ಟೆ ಚೀಲ ಹಿಡಿದು ತರಕಾರಿಗೆ ಹೊರಟುಬಿಟ್ಟಳು.

ಡಯಾಲಿಸಿಸ್‌ದಂತೂ ದೊಡ್ಡ ಕಥೆ. 2018ರಲ್ಲಿ ಕೇಳಿದರು, ಕ್ಲಿನಿಕ್‌ಗಳ ಲಾಭಕ್ಕೆ ಮಿತಿ ಹಾಕಬೇಕೆ? ಬೇಡ ಅಂದೆವು. 2020ರಲ್ಲಿ ಮತ್ತೆ ಬಂದರು, ಕ್ಲಿನಿಕ್‌ನಲ್ಲಿ ಡಾಕ್ಟರ್ ಇರಲೇಬೇಕೆ? ಬೇಡ ಅಂದೆವು. 2022ರಲ್ಲಿ ಹೆಚ್ಚುಕಮ್ಮಿ ಅದೇ ಪ್ರಶ್ನೆ. ಜಗಳ ಆರೋಗ್ಯ ಕಾರ್ಮಿಕರ ಯೂನಿಯನ್‌ಗೂ ಕ್ಲಿನಿಕ್ ಕಂಪನಿಗಳಿಗೂ. ಮೊದಲ ಸಲವೇ ಕಂಪನಿಗಳು 10 ಕೋಟಿ ಡಾಲರಿಗೂ ಜಾಸ್ತಿ ಸುರಿದವು. ಪಂಚಾಯ್ತಿ ಮಾಡಬೇಕಾದವನು ಮಾತ್ರ ನಾನು. ನನಗೆ ಕಿಡ್ನಿ ಎಡಗಡೆ ಒಂದು, ಬಲಗಡೆ ಒಂದು ಇದೆ ಅನ್ನುವಷ್ಟೇ ಗೊತ್ತು.

ಸ್ಯಾನ್ ಫ್ರಾನ್ಸಿಸ್ಕೋದವರ ಮುಂದೆ ನಮ್ಮದು ಏನೂ ಅಲ್ಲ, ಬಿಡಿ. ನಗರದ ಒಂದು ಕೊಳಚೆ ನೀರಿನ ಘಟಕಕ್ಕೆ ಆಗಿನ ಅಧ್ಯಕ್ಷ ಜಾರ್ಜ್ ಡಬ್ಲ್ಯೂ ಬುಷ್ ಹೆಸರಿಡೋಣವೇ ಎಂದು 2008ರಲ್ಲಿ ಅವರನ್ನು ಕೇಳಲಾಯಿತು. ಜನ ಬೇಡ ಅಂದರು. ಪಾಪ, ನೀರು ಶುದ್ಧ ಮಾಡುವ ಘಟಕಕ್ಕೆ ಯಾಕೆ ಅವಮಾನ ಅನ್ನಿಸಿರಬೇಕು.

2022ರ ಆ ಭಾನುವಾರ ತಲೆ ಕೆಟ್ಟು ಬೆಂಗಳೂರಿನ ಭಾವನಿಗೆ ಫೋನ್ ಮಾಡಿದೆ. "ಭಾವ, ಡಯಾಲಿಸಿಸ್ ಕ್ಲಿನಿಕ್‌ನಲ್ಲಿ ಡಾಕ್ಟರ್ ಇರಬೇಕಾ, ಬೇಡ್ವಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ನಮ್ಮನ್ನ ಪಾಲಿಕೆಯವರು ಕೊನೇ ಸಲ ಕೇಳಿದ್ದು 2015ರಲ್ಲಿ ಕಣಯ್ಯಾ. ಕಾರ್ಪೊರೇಟರ್‌ಗಳ ಅವಧಿ 2020ಕ್ಕೇ ಮುಗೀತು. ಈಗಿರೋದು ಆಡಳಿತಾಧಿಕಾರಿ. ಚುನಾವಣೆ ಯಾವಾಗ ಅಂದ್ರೆ ವಾರ್ಡ್ ಎಣಿಸ್ತಾ ಇದೀವಿ ಅಂತಾರೆ. 198 ಇತ್ತು, 243 ಮಾಡಿದಾರೆ."

"ಹಾಗಾದ್ರೆ ಬೀದಿ ಗುಂಡಿಗೆ ಯಾರನ್ನ ಕೇಳ್ತೀರಿ?"

"ಅದನ್ನೇ ಹೇಳೋಕೆ ಹೊರಟೆ. ನಿಮ್ಮ ಆ ಪುಸ್ತಕದಲ್ಲಿ ಎಲ್ಲಾದ್ರೂ ಜಾಗ ಇದ್ರೆ ನಮ್ಮ ಗುಂಡೀದೂ ಒಂದು ಪ್ರಶ್ನೆ ಸೇರಿಸು. ಆದ್ರೆ ಹೌದು ಅಂದ್ರೆ ಮುಚ್ಚೋದಾ, ಉಳಿಸೋದಾ ಅಂತ ಸರಿಯಾಗಿ ಬರಿ, ಮಾರಾಯ."